ಕೆಮ್ಮಿದರೂ ಎದೆಯುಬ್ಬಿಸುವ ಬೆಟ್ಟ

ಏಪ್ರಿಲ್ ಹನ್ನೆರಡು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಎರಡು ಮನೆತನಗಳ ನಡುವೆ ಬೀಗಸ್ತನ ಕುದುರಿಸುವುದು ಕಷ್ಟ ಎನ್ನುವವರು ಎರಡು ಸಾಫ್ಟ್‌ವೇರ್‌ಗಳ ನಡುವೆ ಕುದುರಿಸಿ ನೋಡಿರಲಾರರು. ನಾನು ಅಂದು ಆ ಕೆಲಸಕ್ಕೆ ಕೂತೆ. ಒಂದು ಸಂಗೀತದ್ದು, ಮೈಕಿಗೆ ಬಿದ್ದ ದನಿ ಎಷ್ಟು ಜೋರು ಎಂದು ಅಳೆದು ಅಂಕಿಯಲ್ಲಿ ಹೇಳುತ್ತದೆ. ಇನ್ನೊಂದು ಮೂರು ಆಯಾಮದ ಚಿತ್ರಗಳದ್ದು. ಅಂಕಿ ಕೊಟ್ಟರೆ ಪರದೆಯ ಮೇಲಿನ ಆಕಾರವನ್ನು ಏರಿಸಿ ಇಳಿಸುತ್ತದೆ. ಬುದ್ಧ ಮಲಗಿದಂತೆ ಕಾಣುವ ನಮ್ಮ ಶಹಾಪುರದ ಬೆಟ್ಟವನ್ನು ಅದರಲ್ಲಿ ಕಟ್ಟಿದ್ದೆ. ಹಾಡಿಗೆ ತಕ್ಕಂತೆ ಬುದ್ಧನ ಎದೆ ಏರಿಳಿಯಬೇಕು. ಸುರಪುರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳಲ್ಲವೇ ನಾನು, ಒಂದು ಮಧ್ಯಾಹ್ನದ ಕೆಲಸ ಎಂದು ದಿನಚರಿಯಲ್ಲಿ ಬರೆದೆ. ಆ ಮಧ್ಯಾಹ್ನ ಬುದ್ಧ ಪೂರ್ಣಿಮೆಯ ತನಕ ಮುಗಿಯಲಿಲ್ಲ.

ಇದೆಲ್ಲ ಸುಭದ್ರತ್ತೆಗಾಗಿ. ನನ್ನ ಈ ಸೋದರತ್ತೆ ವರ್ಷವೂ ಓಣಿಯ ಬುದ್ಧ ಪೂರ್ಣಿಮೆಗೆ ಹಾಡುವವಳು. ಗಂಟಲಿನ ಆಪರೇಷನ್ ಆದ ಮೇಲೆ ಅವಳ ದನಿ ದಾರದ ಎಳೆಯಷ್ಟಾಗಿದೆ. ಕಳೆದ ವರ್ಷ ಅವಳು ಹಾಡುವಾಗ ಜನ ಹರಟುತ್ತ ಕೂತಿದ್ದರು. "ಯಾರಿಗೂ ಕೇಳಂಗಿಲ್ಲ. ಈ ಸಲ ನಾ ಒಲ್ಲೆ" ಎಂದುಬಿಟ್ಟಳು. ಕೇಳದಿದ್ದರೆ ಕಾಣಲಿ ಎಂದು ನಾನು ಬೆಟ್ಟದ ಆಸೆ ತೋರಿಸಿದೆ. "ನಾ ಹಾಡಿದಾಗ ಅದು ಅಲುಗಾಡಿದ್ರ ಹಾಡ್ತೀನಿ, ಇಲ್ಲಂದ್ರ ಇಲ್ಲ" ಎಂದಳು.

ಮೊದಲ ತಾಲೀಮಿಗೆ ಹಿಮ್ಮೇಳದ ಹೆಂಗಸರೂ ಬಂದರು. ನಮ್ಮ ಹಿಮ್ಮೇಳ ಸಾಲು ಮುಗಿಯುವ ತನಕ ಕಾಯುವಂಥದ್ದಲ್ಲ. ಅರ್ಧಕ್ಕೇ ಬಾಲ ಹಿಡಿದು, ತಾಳ ಕುಟ್ಟಿ ಎತ್ತಿಕೊಳ್ಳುತ್ತದೆ. ಅತ್ತೆ ಹಾಡಿದಾಗ ಬುದ್ಧ ಮಿಸುಕಲಿಲ್ಲ. ತಾಳ ಬಿದ್ದದ್ದೇ ತಡ, ಎದೆ ಪರದೆಯ ತುದಿ ಮುಟ್ಟಿತು.

"ಹಾಡಾಕತ್ತಾಕಿ ನಾ, ಅಂವ ಏಳೂದು ಶಾಂತವ್ವಗೇನು?" ಎಂದಳು ಅತ್ತೆ.

ತಾಳದ ಶಾಂತವ್ವ ಬಿಡುವವಳಲ್ಲ. "ಅಂವಗೂ ತಾಳ ಗೊತ್ತಾಗ್ತೈತಿ, ಸುಭದ್ರಕ್ಕ."

ಮೈಕಿನ ಸೂಕ್ಷ್ಮತೆ ಹೆಚ್ಚಿಸಿದೆ. ಅತ್ತೆಯ ದನಿ ಸಿಕ್ಕಿತು. ಅದರೊಂದಿಗೆ ಫ್ಯಾನು, ಕುಕ್ಕರಿನ ಸೀಟಿ, ಅತ್ತೆಯ ಗಂಡ, ನಮ್ಮ ಮಾವನ ಕೆಮ್ಮು ಎಲ್ಲವೂ ಸಿಕ್ಕವು. ಬೆಟ್ಟ ಯಾರಿಗೆ ಎಷ್ಟು ಸಲ ಅಲುಗಾಡಿತು ಎಂದು ದಿನಚರಿಯಲ್ಲಿ ಗೀಟು ಹಾಕುತ್ತ ಹೋದೆ. ಮಾವನೊಬ್ಬನೇ ಅತ್ತೆಯನ್ನು ಹಿಂದಿಕ್ಕಿದ. ಹೊಲದ ಕೆಲಸ ಮುಗಿಸಿ ಬಂದು, ನನಗಾಗಿ ಒಂದೇ ಸಾಲನ್ನು ಮತ್ತೆ ಮತ್ತೆ ಬೇಸರಿಸದೆ ಹಾಡಿದ ಆ ಹೆಂಗಸರ ಋಣ ದೊಡ್ಡದು. ಶಾಂತವ್ವ ಒಗ್ಗರಣೆ ಹಾಕಿ ತಂದ ಚುರುಮುರಿ ಸುಸಲಾದ ಋಣ ಬೇರೆ.

ದೋಷ ಸರಿಹೋಗದೆಯೇ ಪೂರ್ಣಿಮೆ ಬಂತು. ಸಮುದಾಯ ಭವನ ತುಂಬಿತ್ತು. ವೇದಿಕೆಯ ಪರದೆಯ ಮೇಲೆ ಬುದ್ಧ ಮಲಗಿದ್ದ. ಅತ್ತೆ ಮೊದಲ ಸಾಲು ಎತ್ತಿದಳು. ಹಿಂದೆ ಯಾರೋ ಹರಟೆಗೆ ತೊಡಗಿದರು, ಬುದ್ಧನ ಎದೆ ಥಟ್ಟನೆ ಎಗರಿತು. ನನ್ನ ಎದೆಯೂ. ಶಾಂತವ್ವ ತಾಳ ಕೆಳಗಿಟ್ಟು ಎದ್ದು ನಿಂತಳು.

"ಸುಮ್ಮ ಕುಂದರ್ರಿ. ಮಾತಾಡಿದ್ರ ಬುದ್ಧನ ನಿದ್ದಿ ಕೆಡತೈತಿ. ಯಾರು ಕೆಡಿಸಿದ್ರಂತ ಇಡೀ ಓಣಿಗೆ ಕಾಣತೈತಿ ಮತ್ತ."

ಜನ ಬಾಯಿ ಮುಚ್ಚಿದರು. ಯಾರೋ ಫ್ಯಾನು ಆರಿಸಿದರು. ಮಾವ ಟವೆಲ್ಲನ್ನು ಬಾಯಿಗೊತ್ತಿಕೊಂಡು ಹೊರಗೆ ನಡೆದ. ಹಿಮ್ಮೇಳವೂ ಮೊದಲ ಬಾರಿಗೆ ಸಾಲು ಮುಗಿಯುವ ತನಕ ಕಾಯಿತು. ಆ ಮೌನದಲ್ಲಿ ಅತ್ತೆಯ ದಾರದೆಳೆಯಂಥ ದನಿ ಕೊನೆಯ ಸಾಲಿನ ತನಕ ಹೋಯಿತು. ಬೆಟ್ಟ ಅವಳೊಂದಿಗೆ ಉಸಿರೆಳೆದು, ಅವಳೊಂದಿಗೆ ಬಿಟ್ಟಿತು.

ಎಲ್ಲರೂ ನನ್ನ ಜಾಣತನವನ್ನು ಹೊಗಳಿದರು. ಅತ್ತೆ ಮಾತ್ರ ತಲೆ ಸವರಿ, "ಎಲ್ಲಾರಿಗೂ ಕೇಳಿಸಿತವ್ವ" ಎಂದಳು. ಕಾಣಿಸಿತು ಎನ್ನಲಿಲ್ಲ.

ಈಗ ಸಂಗೀತದ ಸಾಫ್ಟ್‌ವೇರ್ ಹೊಸ ಆವೃತ್ತಿ ಹಾಕಿಕೋ ಎಂದು ದಿನವೂ ಪೀಡಿಸುತ್ತಿದೆ. ಅದು ಕೆಮ್ಮು, ಹರಟೆಗಳನ್ನು ತಾನೇ ಸೋಸಿಬಿಡುತ್ತದಂತೆ. ಅತ್ತೆ ಮುಂದಿನ ವರ್ಷದ ಹಾಡನ್ನು ಆಗಲೇ ಆರಿಸಿದ್ದಾಳೆ. ಈ ದೋಷವನ್ನು ಇದ್ದ ಹಾಗೆಯೇ ಕಾಪಾಡಿಕೊಳ್ಳುವ ದಾರಿ ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ. ಸರಿಪಡಿಸುವುದಷ್ಟೇ ಬಲ್ಲವರು ಶ್ರಮ ತೆಗೆದುಕೊಳ್ಳುವುದು ಬೇಡ.