ಗಿಡಮೂಲಿಕೆ ಪುಡಿ, ಹಸುವಿನ ಹೊಟ್ಟೆ, ನನ್ನ ನೌಕರಿ

ಹಸುವಿನ ಹೊಟ್ಟೆಯನ್ನು ನಂಬಿ ಬದುಕುವವನಿಗೆ ಫಜೀತಿ ತಪ್ಪಿದ್ದಲ್ಲ. ಬೆಳ್ಳುಳ್ಳಿ, ಓಮ, ಶುಂಠಿಯ ಸಾರ ಸೇರಿಸಿದ ಪುಡಿಯನ್ನು ಹಿಂಡಿಗೆ ಬೆರೆಸಿದರೆ ಹಸುವಿಗೆ ಚೆನ್ನಾಗಿ ಅರಗುತ್ತದೆ, ಹಾಲು ಹೆಚ್ಚುತ್ತದೆ ಎಂಬುದು ನಮ್ಮ ಕಂಪನಿಯ ವಾದ. ಕೊರಟಗೆರೆಯಿಂದ ಪಾವಗಡದವರೆಗೆ ಊರೂರು ತಿರುಗಿ ಅದನ್ನು ಸಾಬೀತು ಮಾಡುವುದು ನನ್ನ ಕೆಲಸ. ಫಲಿತಾಂಶ ಬಂದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ. ನನಗೆ ಹೆಣ್ಣು ಕೊಡಲಿದ್ದವರೂ ಅದೇ ಫಲಿತಾಂಶಕ್ಕೆ ಕಾಯುತ್ತಿದ್ದರು.

೧. ಸಿರಾದ ಮರ್ಯಾದೆ

ಅರಗಿದೆಯೋ ಇಲ್ಲವೋ ಎಂಬುದನ್ನು ಸಗಣಿ ನೋಡಿ ಬರೆಯಬೇಕು. ಸಿರಾದಲ್ಲಿ ಹಸು ಸಾಕಿದ್ದ ಕಿರಾಣಿ ಅಂಗಡಿಯ ಭಾಯ್‌ಗೆ ಹಿಂದಿನ ದಿನವೇ ಹೇಳಿ ಹೋದೆ. ಕೊಟ್ಟಿಗೆ ಫಳಫಳ, ಫಿನಾಯಿಲ್ ವಾಸನೆ.

"ಸಗಣಿ ಎಲ್ಲಿ ಭಾಯ್?"

"ತೌಬಾ! ನೀವು ಬರೋವಾಗ ಸಗಣಿ ಇಟ್ಕಂಡಿರ್ತೀವಾ ಸಾರ್? ಚಾಯ್ ಕುಡೀರಿ."

ನಾಲ್ಕು ಲೋಟ ಚಾಯ್ ಮುಗಿಯಿತು. ಕೊನೆಗೂ ಹಸು ಬಾಲ ಎತ್ತಿತು. ನಾನು ಪುಸ್ತಕ ತೆಗೆಯುವಷ್ಟರಲ್ಲಿ ಮನೆಯಾಕೆ ಓಡಿ ಬಂದು ಬಕೆಟ್ ನೀರು ಸುರಿದು ಎಲ್ಲ ತೊಳೆದುಬಿಟ್ಟರು.

"ಮಾಫ್ ಕರೋ ಸಾಬ್, ಇದಕ್ಕೆ ತಮೀಜ್ ಇಲ್ಲ, ಮರ್ಯಾದೆ ಇಲ್ಲ!"

೨. ಪಾವಗಡದ ಪರೀಕ್ಷೆ

ಪಾವಗಡದ ಕಡೆ ಒಬ್ಬ ಅಜ್ಜ ಪುಡಿ ಮೂಸಿ ನೋಡಿ, "ಮೊದ್ಲು ನುವ್ವು ತಿನು ನಾಯನಾ. ನಿನಗೇನೂ ಆಗ್ದಿದ್ರೆ ಹಸೂಗೆ ಹಾಕ್ತೀನಿ" ಎಂದರು.

ನೌಕರಿಯ ಆಸೆ ಕೆಟ್ಟದ್ದು. ಒಂದು ಚಮಚ ನುಂಗಿದೆ, ಎರಡು ದಿನ ರಜೆ ಹಾಕಿದೆ. ಮೂರನೇ ದಿನ ಹೋದಾಗ ಅಜ್ಜ ಮೇಲಿಂದ ಕೆಳಗೆ ನೋಡಿದರು.

"ರಿಪೋರ್ಟು ನಿನ್ನ ಮಕದ ಮೇಲೇ ಐತೆ ನಾಯನಾ. ನಮ್ಮ ಹಸೂಗೆ ಬ್ಯಾಡ."

೩. ಐ.ಡಿ.ಹಳ್ಳಿಯ ಗೌರಿ

ಹೋಲಿಸಿ ನೋಡಲು ಒಂದು ಹಸುವಿಗೆ ಪುಡಿ ಕೊಡಬಾರದು. ಐ.ಡಿ.ಹಳ್ಳಿಯಲ್ಲಿ ಆ ಪಾಲು ಒಬ್ಬ ಹೆಂಗಸಿನ ಹಸು ಗೌರಿಗೆ ಬಂತು.

"ಪಕ್ಕದ್ಮನೆ ಹಸೂಗೆ ಔಸ್ದಿ, ನಮ್ ಗೌರಿಗೆ ಬರೀ ಕೈಯಾ? ಅದೇನು ಮಲಮಗಳಾ?" ಎಂದು ಆಕೆ ಸಿಡುಕಿದರು. ಆಮೇಲೆ ಹಠಕ್ಕೆ ಬಿದ್ದು ಕಡ್ಲೆಕಾಯಿ ಹಿಂಡಿ, ನುಗ್ಗೆಸೊಪ್ಪು, ಹುರುಳಿ ಎಲ್ಲ ತಿನ್ನಿಸಿದರು. ತಿಂಗಳು ಕಳೆದಾಗ ಪುಡಿ ತಿಂದವು ಇದ್ದಂತೆಯೇ ಇದ್ದವು. ಗೌರಿ ಮಾತ್ರ ಮೈ ಮಿಂಚುತ್ತಾ ಬಿಂದಿಗೆ ತುಂಬುತ್ತಿದ್ದಳು.

ನನ್ನ ನೌಕರಿ ಹೋಯಿತು ಎಂದುಕೊಂಡೆ. ಆದರೂ ಇದ್ದದ್ದನ್ನೇ ಬರೆದು, ಎಲ್ಲ ಹಸುಗಳ ಫೋಟೊ ಜೊತೆಗಿಟ್ಟು ಕಳಿಸಿದೆ. ದೊಡ್ಡ ಸಾಹೇಬರು ರಿಪೋರ್ಟ್ ಓದಲಿಲ್ಲ, ಗೌರಿಯ ಫೋಟೊ ನೋಡಿದರು. "ಎಂಥಾ ರಿಸಲ್ಟ್ ರೀ!" ಎಂದು ನನ್ನನ್ನು ಕಾಯಂ ಮಾಡಿದರು. ಫೋಟೊದಲ್ಲಿ ಗೌರಿಗೆ ಇನ್ನಷ್ಟು ಬಣ್ಣ ಬಳಿಸಿ, ಹಿಂದೆ ಹಸಿರು ಗುಡ್ಡ ನಿಲ್ಲಿಸಿ ಪುಡಿಯ ಚೀಲದ ಮೇಲೆ ಅಚ್ಚು ಹಾಕಿಸಿದರು.

ಮುಂದಿನ ಸಲ ಹೋದಾಗ ಗೌರಿಯ ಒಡತಿ ಪಕ್ಕದ ಮನೆಯ ಚೀಲ ಹಿಡಿದುಕೊಂಡು ಎದುರಿಗೇ ಬಂದರು. ನಾಚಿಕೆಯಿಂದ ತಲೆ ತಗ್ಗಿಸಿ ಬೈಗುಳಕ್ಕೆ ಸಿದ್ಧನಾದೆ.

ಆಕೆ ಚೀಲದ ಮೇಲಿನ ಚಿತ್ರಕ್ಕೆ ಬೆರಳಿಟ್ಟು ಹೇಳಿದರು: "ನೋಡಿ ಸಾಮಿ, ಈ ಹಸ ಹೆಂಗೈತೆ! ಅವತ್ತೇ ಪುಡಿ ಕೊಟ್ಟಿದ್ರೆ ನಮ್ ಗೌರೀನೂ ಇಂಗೇ ಆಗ್ತಿರ್ಲಿಲ್ವಾ?"