ನಾಯಕನ ತಲೆ ಅಲುಗಾಡುವ ದೋಷದ ಕುರಿತು

‘ಮಂಜುಕೊಳ್ಳದ ಖಡ್ಗ’ ಎಂಬ ಟೀವಿಯ ಕೈಗೊಂಬೆ ಧಾರಾವಾಹಿಯನ್ನು ಮೊಬೈಲ್ ಆಟವಾಗಿಸಿ ಲೋಕಕ್ಕೆ ದಯಪಾಲಿಸಿದ ತೈಪೆಯ ಕಂಪನಿಯ ಮುಖ್ಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ಹುವೇಯ್ ಊರಿನ ಲಿಯಾವ್ ಪೇಯ್-ಚೆನ್ ಮಾಡುವ ನಮಸ್ಕಾರಗಳು. ತಾವೂ ತಮ್ಮ ಕಂಪ್ಯೂಟರುಗಳೂ ಕ್ಷೇಮವೆಂದು ನಂಬಿದ್ದೇನೆ. ಫೋನ್ ಮಾಡಿ ದೂರು ಹೇಳುವಷ್ಟು ಧೈರ್ಯ ನನಗಿಲ್ಲ. ತಮ್ಮ ದೂರು ಪೆಟ್ಟಿಗೆಗೆ ಬರೆದರೆ, ನಾನು ಕಳಿಸುವ ಗುಂಡಿಯಿಂದ ಬೆರಳು ತೆಗೆಯುವ ಮೊದಲೇ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಬಂದುಬಿಡುತ್ತದೆ. ಓದದೆಯೇ ಬೆಲೆ ಕಟ್ಟುವ ಆ ಔದಾರ್ಯಕ್ಕೆ ಮಾರುಹೋಗಿ, ಈ ಸಲ ಪತ್ರಿಕೆಗೇ ಬರೆಯುತ್ತಿದ್ದೇನೆ.

ಈ ಕೈಗೊಂಬೆ ಧಾರಾವಾಹಿಯನ್ನು ನೋಡದೆ ನಮ್ಮೂರಿನಲ್ಲಿ ಯಾರೂ ಬೆಳೆದಿಲ್ಲ. ನನ್ನ ಅಜ್ಜ ಅದರ ಚಿತ್ರೀಕರಣದಲ್ಲಿ ಗೊಂಬೆ ಆಡಿಸುತ್ತಿದ್ದವರು. ಹಾಗೆಂದು ತಾವು ಎದ್ದು ನಿಲ್ಲಬೇಕಾಗಿಲ್ಲ. ನಾಯಕ ಕು ಯೆನ್-ಶಾನ್‌ನ ಗೊಂಬೆ ಯಾವಾಗಲೂ ಹಿರಿಯ ಗುರುಗಳ ಕೈಯಲ್ಲಿರುತ್ತಿತ್ತು. ಅಜ್ಜನ ಪಾಲಿಗೆ ಬರುತ್ತಿದ್ದವರು ನಾಯಕನ ಕತ್ತಿಯ ಮೊದಲ ಬೀಸಿಗೇ ಉರುಳುವ ಸೈನಿಕರು. ನಾಯಕನ ಗೊಂಬೆಯೊಳಗೆ ಒಮ್ಮೆ ಕೈ ಹಾಕಬೇಕೆಂಬ ಆಸೆಯನ್ನು ಅವರು ಯಾರಿಗೂ ಹೇಳಿರಲಿಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಈಗಲೂ ಛೇಡಿಸುತ್ತಾರೆ: “ಟೀವೀಲಿ ನಿಮ್ಮನ್ನ ನೋಡೋಣ ಅಂತ ಕೂತ್ರೆ, ಒಂದು ಕಡಲೆಕಾಯಿ ಬಿಡಿಸಿ ತಲೆ ಎತ್ತೋಷ್ಟ್ರಲ್ಲಿ ಸತ್ತಿರ್ತಿದ್ರಿ.”

ಹೋದ ಚಳಿಗಾಲ ಅಜ್ಜನಿಗೆ ಲಕ್ವ ಹೊಡೆದು ಬಲಗೈ ಮುಷ್ಟಿ ಕಟ್ಟಿಕೊಂಡಿತು. ಈಗಲೇ ಬೆರಳು ಆಡಿಸದಿದ್ದರೆ ಮುಂದೆ ಎಂದೂ ಬಿಚ್ಚಲಾರದು ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕಲು ಹೇಳಿದರು. “ಈ ಚೆಂಡಿಗೆ ಮುಖ ಎಲ್ಲಿದೆ?” ಎಂದು ಅಜ್ಜ ಅದನ್ನು ಎಡಗೈಯಿಂದ ಬೆಕ್ಕಿನತ್ತ ಎಸೆದರು. ಬೆಕ್ಕಿನ ಆರೋಗ್ಯ ಸುಧಾರಿಸಿತು.

ಅಷ್ಟರಲ್ಲಿ ತಮ್ಮ ಜಾಹೀರಾತು ಬಂತು: ‘ನಾಯಕ ಇನ್ನು ನಿಮ್ಮ ಕೈಯಲ್ಲಿ!’ ಅಜ್ಜ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಆಟ ಬಿಡುಗಡೆಯಾದ ದಿನ ಸ್ನಾನ ಮಾಡಿ, ಗಡ್ಡ ಹೆರೆಸಿಕೊಂಡು, ಪ್ರದರ್ಶನಕ್ಕೆ ಮುಂಚೆ ಮಾಡುವ ಹಾಗೆಯೇ ರಂಗದ ದೇವರಿಗೆ ಊದುಬತ್ತಿ ಹಚ್ಚಿಸಿ ನನ್ನ ಫೋನಿನ ಮುಂದೆ ಕುಳಿತರು. ಎಡಗೈಯಿಂದ ಗುಂಡಿ ಒತ್ತಿದರು. ನಾಯಕ ತಾನಾಗಿಯೇ ಓಡಿದ, ತಾನಾಗಿಯೇ ತೋಳಗಳನ್ನು ಕೊಂದ, ತಾನಾಗಿಯೇ ನಿಧಿ ಬಾಚಿಕೊಂಡ, ಕೊನೆಗೆ ತನ್ನನ್ನು ತಾನೇ ಅಭಿನಂದಿಸಿಕೊಂಡ. ಆಡುವವರಿಗೆ ಆಡುವ ಕಷ್ಟವೇ ಬೇಡವೆಂಬ ತಮ್ಮ ಕರುಣೆಗೆ ಮಾತು ಸಾಲದು. ಮುಂದಿನ ಆವೃತ್ತಿಯಲ್ಲಿ ಆಟವು ನಮ್ಮ ಪರವಾಗಿ ಬೇಸರವನ್ನೂ ತಾನೇ ಪಟ್ಟುಕೊಂಡು, ನಮ್ಮ ಗೆಣಸಿನ ಗಂಜಿಯನ್ನೂ ತಾನೇ ಕುಡಿಯುವ ವ್ಯವಸ್ಥೆಯಾದರೆ ನಾವು ಸಂಪೂರ್ಣ ಮುಕ್ತರಾಗುತ್ತೇವೆ. ಧಾರಾವಾಹಿಯುದ್ದಕ್ಕೂ ಮೌನವ್ರತದಲ್ಲಿದ್ದ ಸನ್ಯಾಸಿಯನ್ನು ತಾವು ‘ಇವತ್ತು ಮಾತ್ರ ರಿಯಾಯಿತಿ’ ಎಂದು ಕೂಗುವ ಅಂಗಡಿಯವನನ್ನಾಗಿ ಮಾಡಿದ್ದೀರಿ. ಪಾಪ, ಅಷ್ಟು ವರ್ಷದ ಮಾತು ಒಳಗೇ ಉಳಿದಿತ್ತೆಂದು ಕಾಣುತ್ತದೆ. ಹಿಮದ ಬೆಟ್ಟದ ರಾಣಿಗೆ ಈಜುಡುಗೆ ತೊಡಿಸಿದ್ದೀರಿ. ಅವಳಿಗೊಂದು ಶಾಲು ಕೊಡಿಸಬೇಕೆಂದು ಅಜ್ಜಿಯ ಕೋರಿಕೆ.

ನಾಯಕ ಊರಬಾಗಿಲಲ್ಲಿ ಒಂದು ಗಳಿಗೆ ನಿಂತಾಗ ಅಜ್ಜ ಫೋನಿನ ಮೇಲೆ ಬಾಗಿ ಅವನನ್ನು ಹತ್ತಿರದಿಂದ ನೋಡಿದರು.

“ಇವನು ಉಸಿರಾಡ್ತಿಲ್ಲ ಕಣೇ. ನನ್ನ ಸೈನಿಕರು ಸಾಯೋರೇ ಇರಬಹುದು, ಆದ್ರೆ ಸಾಯೋವರೆಗೂ ಉಸಿರಾಡ್ತಿದ್ರು.”

ಗೊಂಬೆಯಾಟದ ನಿಯಮವೇ ಅದು: ಗೊಂಬೆ ಸುಮ್ಮನೆ ನಿಂತಾಗಲೂ ಒಳಗಿನ ಕೈ ಸುಮ್ಮನಿರಬಾರದು, ತಲೆಯೂ ಭುಜವೂ ಕಂಡೂ ಕಾಣದ ಹಾಗೆ ಏರಿಳಿಯಬೇಕು, ಇಲ್ಲದಿದ್ದರೆ ಅದು ಬರೀ ಮರ. ಸಿಟ್ಟಿನಿಂದ ಅಜ್ಜ ಬಲಗೈ ಮುಷ್ಟಿಯನ್ನೇ ಫೋನಿನ ಮೇಲೆ ಇಟ್ಟರು. ಅದು ನಾಯಕನ ಮುಖಕ್ಕೆ ತಾಗಿ, ಮುಷ್ಟಿ ಸರಿದ ಕಡೆಗೆ ಅವನ ತಲೆ ವಾಲಿತು, ಹಿಂದೆಯೇ ಭುಜವೂ ಸರಿಯಿತು. ಅಜ್ಜ ನನ್ನ ಮುಖ ನೋಡಿದರು.

ಮಾನ್ಯರೇ, ತಮ್ಮ ಇಡೀ ಆಟದಲ್ಲಿ ಆಡುವವರ ಕೈಗೆ ಸಿಗುವುದು ಅದೊಂದೇ. ಮುಖದ ಮೇಲೆ ಬೆರಳು ಆಡುತ್ತಿರುವಷ್ಟು ಹೊತ್ತು ನಾಯಕ ತೋಳಗಳ ಕಡೆ ಓಡುವುದಿಲ್ಲ. ಬೆರಳು ನಿಂತರೆ ಓಡಿಬಿಡುತ್ತಾನೆ. ಹೀಗಾಗಿ ಅಜ್ಜ ಮಧ್ಯಾಹ್ನವೆಲ್ಲ ಅವನನ್ನು ಊರಬಾಗಿಲಲ್ಲಿ ನಿಲ್ಲಿಸಿ ಉಸಿರಾಡಿಸುತ್ತಾರೆ. ಮೊದಲು ಮುಷ್ಟಿಯ ಗೆಣ್ಣಿನಿಂದ ಆಡಿಸುತ್ತಿದ್ದರು. ಈಗ ತೋರುಬೆರಳು ಮುಷ್ಟಿಯಿಂದ ಅರ್ಧ ಬಿಚ್ಚಿಕೊಂಡಿದೆ. ಕೈಗೊಂಬೆಯ ತಲೆಯೊಳಗೆ ಹೋಗುವ ಬೆರಳು ಅದೇ. ಮೊನ್ನೆ ಅಜ್ಜಿ ಕಡಲೆಕಾಯಿಯ ಮೊರ ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿ, “ಇವತ್ತು ಇನ್ನೂ ಸತ್ತಿಲ್ವಲ್ಲ” ಎಂದರು.

ನಿನ್ನೆ ತಮ್ಮ ಪ್ರಕಟಣೆ ಬಂದಿದೆ: ‘ಮುಟ್ಟಿದಾಗ ನಾಯಕನ ತಲೆ ಅನಗತ್ಯವಾಗಿ ಅಲುಗಾಡುವ ದೋಷವನ್ನು ಮುಂದಿನ ವಾರ ಸರಿಪಡಿಸಲಾಗುವುದು.’

ಅಜ್ಜನಿಗೆ ನಾನು ಇದನ್ನು ಓದಿ ಹೇಳಿಲ್ಲ. ಸನ್ಯಾಸಿ ಕೂಗಲಿ, ರಾಣಿ ಚಳಿಯಲ್ಲಿ ನಡುಗಲಿ, ತೋಳಗಳು ತಾವಾಗಿಯೇ ಸಾಯಲಿ, ಮೇಲಿನ ಯಾವ ದೂರನ್ನೂ ತಾವು ಗಮನಿಸಬೇಕಾಗಿಲ್ಲ. ಈ ಒಂದು ದೋಷವನ್ನು ಮಾತ್ರ ದಯವಿಟ್ಟು ಹಾಗೆಯೇ ಉಳಿಸಿಕೊಡಿ. ಅಷ್ಟೆಲ್ಲ ತಪ್ಪುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗೆ ಇನ್ನೊಂದು ಭಾರವಾಗದು.

ಇಷ್ಟಾದರೂ ಆಟವನ್ನು ಫೋನಿನಿಂದ ಅಳಿಸದ
ತಮ್ಮ ವಿಶ್ವಾಸಿ,
ಲಿಯಾವ್ ಪೇಯ್-ಚೆನ್

ಮರೆತ ಮಾತು: ಈ ಪತ್ರಕ್ಕೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದೇ ಉತ್ತರ ಬರಬಹುದೆಂದು ಅಜ್ಜಿಗೆ ಹೇಳಿದೆ. ಆ ಕಂಪನಿಯ ಒಳಗೆ ಯಾರದಾದರೂ ಕೈ ಇದೆಯೋ ಅಥವಾ ಬರೀ ಮರವೋ ಎಂದು ಅವರು ಕೇಳುತ್ತಿದ್ದಾರೆ. ಯಾರಾದರೂ ಇದ್ದರೆ, ಕೃಪೆಯಿಟ್ಟು ಒಮ್ಮೆ ತಲೆ ಅಲುಗಾಡಿಸಿ.