ಎಲ್ಲ ಫೋನಿಗೂ ಹೊಂದುವ ಲಗ್ನಪತ್ರಿಕೆ

ನಾದಿನಿ ರೂಪಾಳ ಮದುವೆಗೆ ಊರೂರು ಅಲೆದು ಪತ್ರಿಕೆ ಹಂಚುವ ಘನಕಾರ್ಯ ಹಿರಿಯಳಿಯನಾದ ನನ್ನ ಪಾಲಿಗೆ ಬಂತು. ಪಾವಗಡದ ಬಿಸಿಲು ನೆನೆದೇ ಬಾಯಾರಿಕೆಯಾಯಿತು. ವೆಬ್‌ಪುಟ ಕಟ್ಟುವುದನ್ನು ಆನ್‌ಲೈನಿನಲ್ಲಿ ಕಲಿತಿದ್ದೆನಲ್ಲ, ಒಂದು ಪುಟ ಮಾಡಿ ಲಿಂಕ್ ಕಳಿಸಿದರೆ ಮುಗಿಯಿತು ಎಂದು ಮಧುಗಿರಿಯ ಮನೆಯಲ್ಲಿ ಫ್ಯಾನಿನಡಿ ಕುಳಿತು ಘೋಷಿಸಿದೆ. ಮಾವ ಒಪ್ಪಿದರೆ ಸರಿ ಎಂದಳು ಹೆಂಡತಿ ಕಮಲ.

ಮಾವ ಎಂದರೆ ಪಾವಗಡದ ಬಳಿಯ ರಾಯಚರ್ಲಿನ ತಿಮ್ಮಪ್ಪಮಾವ. ತಂದೆಯಿಲ್ಲದ ಈ ಅಕ್ಕತಂಗಿಯರನ್ನು ಸಾಕಿದ ಸೋದರಮಾವ. ರೂಪಾಳನ್ನು ಧಾರೆಯೆರೆದು ಕೊಡಬೇಕಾದವರೂ ಅವರೇ. ಅವರು ಮುನಿಸಿಕೊಂಡರೆ ಮದುವೆ ನಿಂತಂತೆಯೇ.

ನನ್ನ ಕಂಪ್ಯೂಟರಿನಲ್ಲಿ ಪುಟ ಭವ್ಯವಾಗಿ ಮೂಡಿತು. ಎಡಕ್ಕೆ ಹೆಣ್ಣು, ಬಲಕ್ಕೆ ಗಂಡು. ಕಮಲ ತನ್ನ ಫೋನಿನಲ್ಲಿ ತೆರೆದು, "ಗಂಡು ಎಲ್ರೀ?" ಎಂದಳು. ಪಕ್ಕಕ್ಕೆ ಎಳೆದರೆ ಸಿಗುತ್ತಾನೆ ಎಂದೆ. ಎಳೆದು ತರುವಂಥ ಗಂಡು ನಮಗೆ ಬೇಡ ಎಂದು ಫೋನ್ ಕೆಳಗಿಟ್ಟಳು.

ಸರಿ, ಪರದೆ ಕಿರಿದಾದರೆ ಗಂಡು ಹೆಣ್ಣಿನ ಕೆಳಗೆ ಬಂದು ನಿಲ್ಲುವಂತೆ ಕೋಡ್ ತಿದ್ದಿದೆ. ನಮ್ಮ ಹುಡುಗ ಯಾಕೆ ಕೆಳಗೆ ಎಂದು ಬೀಗರು ಕೇಳಿದರು. ಫೋನನ್ನು ಅಡ್ಡ ಹಿಡಿದರೆ ಇಬ್ಬರೂ ಸಮಸಮ ಎಂದು ಗಂಭೀರವಾಗಿ ವಿವರಿಸಿದೆ!

ನಿಜವಾದ ಎಡವಟ್ಟು ಬೇರೆಯೇ ಇತ್ತು. ಅಂದವಾಗಿ ಕಾಣಲೆಂದು ಹಿರಿಯರ ಹೆಸರುಗಳನ್ನು ಬಂಗಾರದ ಬಣ್ಣದಲ್ಲಿ ಬರೆದು, ಚಿತ್ರ ಮಾಡಿ ಅಂಟಿಸಿದ್ದೆ. ಮಾವನ ಹೆಸರೇ ಮೊದಲು. ಆದರೆ ಅವರಿಗೆ ಕಣ್ಣು ಮಂಜು. ಫೋನೇ ಎಲ್ಲವನ್ನೂ ಓದಿ ಹೇಳುತ್ತದೆ. ಚಿತ್ರದೊಳಗಿನ ಅಕ್ಷರ ಅದಕ್ಕೆ ತಿಳಿಯದು ಎಂಬುದು ಈ ಪಂಡಿತನಿಗೆ ಹೊಳೆಯಲಿಲ್ಲ. ಮಾವನಿಗೂ ಲಿಂಕ್ ಕಳಿಸಿದೆ. ಅಂದೇ ಸಂಜೆ ಅವರು ಕಮಲಳಿಗೆ ಫೋನ್ ಮಾಡಿದರು.

"ಏಮಮ್ಮಾ, ಪತ್ರಿಕೆ ಪೂರಾ ಕೇಳ್ದೆ. ಚಿತ್ರ ಅಂತು, ಬಟನ್ ಅಂತು, ಊಟ ಅಂತು. ನನ್ನೆಸ್ರು ಅನ್ನಲಿಲ್ಲ. ಆಯ್ತು ಬುಡು, ನೀವೇ ಮಾಡ್ಕಳಿ."

ಕಮಲ ಅತ್ತೇಬಿಟ್ಟಳು. ನಾನು ಕೂತು ಪುಟವನ್ನು ಹೊಸದಾಗಿ ಕಟ್ಟಿದೆ. ಓದುವ ಫೋನಿಗೆ ತಿಳಿಯುವಂತೆ ಶೀರ್ಷಿಕೆಯನ್ನು ಶೀರ್ಷಿಕೆ ಎಂದೇ ಗುರುತಿಸಿದೆ, ಹೆಸರುಗಳನ್ನು ನಿಜವಾದ ಅಕ್ಷರಗಳಲ್ಲಿ ಬರೆದೆ. ಮಾವ ನನ್ನ ಫೋನ್ ಎತ್ತಲಿಲ್ಲ. ಬಸ್ ಹತ್ತಿ ಪಾವಗಡದಲ್ಲಿಳಿದು, ಸೋಲಾರ್ ಫಲಕಗಳ ನಡುವೆ ಆಟೊದಲ್ಲಿ ಬೆಂದು ರಾಯಚರ್ಲು ಮುಟ್ಟಿದೆ.

ಜಗುಲಿಯಲ್ಲಿ ಕುಳಿತಿದ್ದ ಮಾವನ ಫೋನಿನಲ್ಲೇ ಪುಟ ತೆರೆದೆ. ಅದು ಅವರ ಹೆಸರನ್ನೇ ಮೊದಲು ಹೇಳಿತು. ಮಾವ ಇನ್ನೊಮ್ಮೆ ಹೇಳಿಸಿದರು. ಕಣ್ಣೊರೆಸಿಕೊಂಡರು. ನನ್ನ ಕೋಡ್ ಗೆದ್ದಿತು ಎಂದು ಬೀಗಿದೆ.

"ಫೋನು ಅಂದಿದ್ದಿರ್ಲಿ ಕಣಪ್ಪ," ಎಂದರು. "ಬಿಸ್ಲಲ್ಲಿ ಮನೆಗಂಟ ಬಂದು ಕರೆದ್ಯಲ್ಲ, ಅಷ್ಟು ಸಾಕು. ಬತ್ತೀನಿ ಬುಡು."

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಂತೋಷ ತಡೆಯಲಾರದೆ ಮಾವ ಅಲ್ಲೇ ಶಿರಾ, ಕೊರಟಗೆರೆಯ ನೆಂಟರಿಗೆಲ್ಲ ಫೋನ್ ಹಚ್ಚಿ, ಅಳಿಯ ಖುದ್ದಾಗಿ ಮನೆಗೇ ಬಂದು ಕರೆದ ಎಂದು ಸಾರಿದರು. ನಮ್ಮನೆಗೆ ಯಾವಾಗ ಬರುತ್ತಾರೆ ಎಂದು ಒಬ್ಬೊಬ್ಬರೂ ಕಮಲಳನ್ನು ವಿಚಾರಿಸತೊಡಗಿದರು.

ಮಾರನೆಯ ದಿನದಿಂದ ನಾನು ಶಿರಾ ಕಡೆಯ ಗೌಡಗೆರೆ ಬಸ್ಸಿನಲ್ಲಿ, ಕೊರಟಗೆರೆ ಬಸ್ಸಿನಲ್ಲಿ ಕುಂಕುಮದ ಡಬ್ಬಿ ಹಿಡಿದು ಜೋತುಬಿದ್ದೆ. ಪುಟವೇನೋ ಈಗ ಎಲ್ಲರ ಫೋನಿಗೂ ಸೊಗಸಾಗಿ ಹೊಂದುತ್ತದೆ. ತೆರೆದು ನೋಡುವ ಗರಜು ಮಾತ್ರ ಯಾರಿಗೂ ಇಲ್ಲ. ಮನೆಮನೆಗೆ ಬಂದು ನಾನೇ ಓದಿ ಹೇಳುತ್ತಿದ್ದೇನಲ್ಲ!